ಡಬ್ಬಿಯಲ್ಲಿಟ್ಟ ಮೂರು ರಾಗಿ ಕಾಳು

ಗಂಗರಂಗಯ್ಯನವರು ಪೀಣ್ಯದ ನಮ್ಮ ಶೆಡ್ಡಿಗೆ ಕೊನೆಯ ಸಲ ಬಂದದ್ದು ಸೋಮವಾರವೋ ಮಂಗಳವಾರವೋ, ನನಗೆ ಖಾತ್ರಿಯಿಲ್ಲ. ಅವರ ಕೈಯಲ್ಲಿ ಒಂದು ಬ್ಲೇಡು ಇತ್ತೆಂದು ಬಹಳ ಕಾಲ ನಂಬಿದ್ದೆ. ಈಗ ಕಣ್ಣು ಮುಚ್ಚಿಕೊಂಡರೆ ಬ್ಲೇಡಿಲ್ಲ, ಹೆಬ್ಬೆರಳಿನ ಉಗುರು ಮಾತ್ರ ಕಾಣುತ್ತದೆ. ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದ ವರ್ನಿಯರ್, ಮೈಕ್ರೋಮೀಟರು ಮೊದಲಾದ ಅಳತೆಯ ಸಾಧನಗಳನ್ನು ಒಂದೊಂದಾಗಿ ಎತ್ತಿ, ತಾವೇ ಅಂಟಿಸಿದ್ದ ಹಸಿರು ಸ್ಟಿಕ್ಕರನ್ನು ತಾವೇ ಕೀಳುತ್ತಿದ್ದರು. ಕಿತ್ತದ್ದನ್ನು ಎಸೆಯಲಿಲ್ಲ. ಎಡ ಮುಂಗೈ ಮೇಲೆ ಅಂಟಿಸಿಕೊಳ್ಳುತ್ತಾ ಹೋದರು. ಮುಗಿಯುವ ಹೊತ್ತಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಕೈ ಹಸಿರಾಗಿತ್ತು.

ಆ ಕೈ ನಿಜ ಎನ್ನಬಲ್ಲೆ, ಯಾಕೆಂದರೆ ನಮ್ಮ ಲೇತ್ ಆಪರೇಟರ್ ಯಮನೂರಪ್ಪನೂ ಅದನ್ನೇ ಹೇಳುತ್ತಾನೆ. ಆದರೆ ಯಮನೂರಪ್ಪ ಆ ದಿನ ರಜೆಯಲ್ಲಿದ್ದ ಎಂಬ ಅನುಮಾನವೂ ನನಗಿದೆ. ಹಾಗಿದ್ದರೆ ಅವನಿಗೆ ಆ ಕೈಯ ಕತೆ ಹೇಳಿದವನು ನಾನೇ ಇರಬೇಕು. ಗಂಗರಂಗಯ್ಯನವರು ಎದುರಿಗಿದ್ದಿದ್ದರೆ ಇಷ್ಟಕ್ಕೇ ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದರು.

ಅವರ ಕೆಲಸ ಅಳತೆಯ ಸಾಧನಗಳನ್ನು ಅಳೆಯುವುದು. ನಮ್ಮದು ಕಾರಿನ ಬಿಡಿಭಾಗಗಳಿಗೆ ಸಣ್ಣ ಸಣ್ಣ ಪಿನ್ನು, ಬುಷ್ಷು ಕಡೆಯುವ ಶೆಡ್ಡು. ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ವ್ಯತ್ಯಾಸ ಬಂದರೂ ಮಾಲು ವಾಪಸು ಬರುತ್ತದೆ. ಅಳೆಯುವ ಮೈಕ್ರೋಮೀಟರೇ ಸವೆದಿದ್ದರೆ ಯಾರ ಅಳತೆಗೂ ಅರ್ಥವಿಲ್ಲ. ಅದಕ್ಕಾಗಿ ವರ್ಷಕ್ಕೊಮ್ಮೆ ಯಾರಾದರೂ ಬಂದು ಪ್ರತಿಯೊಂದನ್ನೂ ಪರೀಕ್ಷಿಸಿ, ತಾರೀಕು ಬರೆದು ಸಹಿ ಹಾಕಿದ ಒಂದು ಸ್ಟಿಕ್ಕರ್ ಅಂಟಿಸಬೇಕು. ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಜೀವಮಾನ ಸವೆಸಿ ನಿವೃತ್ತರಾದ ಮೇಲೆ ಗಂಗರಂಗಯ್ಯನವರು ಹಳೆಯ ಮೊಪೆಡ್ ಮೇಲೆ ಶೆಡ್ಡಿಂದ ಶೆಡ್ಡಿಗೆ ಈ ಕೆಲಸ ಮಾಡುತ್ತಿದ್ದರು. ಎಲ್ಲರೂ ಅವರನ್ನು ಗಂಗಣ್ಣ ಎನ್ನುತ್ತಿದ್ದರು.

ಮೊಪೆಡ್ಡಿನ ಮುಂದೆ, ಕಾಲುಗಳ ನಡುವೆ, ಬಟ್ಟೆಯ ಚೀಲದಲ್ಲಿ ಅವರ ಮರದ ಡಬ್ಬಿ ಕೂತಿರುತ್ತಿತ್ತು. ಅದರೊಳಗೆ ಎಂಬತ್ತೇಳು ಉಕ್ಕಿನ ತುಂಡುಗಳು, ಪ್ರತಿಯೊಂದಕ್ಕೂ ಅದರದೇ ಗೂಡು. ಕೆಲವು ಉಗುರಿನಷ್ಟು ತೆಳು, ಕೊನೆಯದು ನಾಲ್ಕು ಇಂಚು. ಸ್ಲಿಪ್ ಗೇಜ್ ಎಂದು ಅವುಗಳ ಹೆಸರು. ಹತ್ತು ಮಿಲಿಮೀಟರ್ ಎಂದು ಕೆತ್ತಿದ ತುಂಡು ಹತ್ತೇ ಇರುತ್ತದೆ. ನಮ್ಮ ಮೈಕ್ರೋಮೀಟರ್ ಅದನ್ನು ಹತ್ತು ಎಂದು ತೋರಿಸದಿದ್ದರೆ ತಪ್ಪು ನಮ್ಮದು. ಎರಡು ತುಂಡುಗಳನ್ನು ಚೆನ್ನಾಗಿ ಒರೆಸಿ ಒಂದರ ಮೇಲೊಂದು ಜಾರಿಸಿದರೆ ಗೋಂದಿಲ್ಲದೆ ಕಚ್ಚಿಕೊಂಡುಬಿಡುತ್ತಿದ್ದವು. ಮೇಲಿನದನ್ನು ಹಿಡಿದೆತ್ತಿದರೆ ಕೆಳಗಿನದು ಜೊತೆಗೇ ಬರುತ್ತಿತ್ತು. ಯಮನೂರಪ್ಪನಿಗೆ ಅದನ್ನು ಎಷ್ಟು ಸಲ ನೋಡಿದರೂ ಸಾಲದು. ಲೇತ್ ನಿಲ್ಲಿಸಿ ಬಂದು ನಿಲ್ಲುತ್ತಿದ್ದ.

ಬಂದ ತಕ್ಷಣ ಅವರು ಡಬ್ಬಿ ತೆರೆಯುತ್ತಿರಲಿಲ್ಲ. ಅಳತೆಯ ಗ್ರಾನೈಟ್ ಕಲ್ಲಿನ ಮೇಲೆ ಅದನ್ನಿಟ್ಟು ಒಂದು ಗಂಟೆ ಸುಮ್ಮನೆ ಕೂರುತ್ತಿದ್ದರು. ಬಿಸಿಲಲ್ಲಿ ಬಂದ ಉಕ್ಕು ಹಿಗ್ಗಿರುತ್ತದೆ, ಕೋಣೆಯ ಹದಕ್ಕೆ ಬರಬೇಕು. “ಬಿಸ್ಲಾಗ್ ಬಂದವೆ, ಒಸಿ ಸುಧಾರಿಸ್ಕಳ್ಳಿ” ಎಂದು ನೆಂಟರ ವಿಷಯ ಹೇಳುವಂತೆ ಹೇಳುತ್ತಿದ್ದರು. ಶೆಡ್ಡಿನ ಮಾಲೀಕರಾದ ಶ್ರೀಧರ್ ಸಾರ್‌ಗೆ ಆ ಒಂದು ಗಂಟೆ ನೋಡಿದರೆ ಮೈ ಉರಿಯುತ್ತಿತ್ತು. ಪೀಣ್ಯದಲ್ಲಿ ಇದೇ ಕೆಲಸವನ್ನು ಹತ್ತು ನಿಮಿಷದಲ್ಲಿ ಮಾಡುವವರಿದ್ದರು. ಅವರು ಡಬ್ಬಿ ತರುತ್ತಿರಲಿಲ್ಲ. ಸಾಧನಗಳ ಪಟ್ಟಿ ಕೇಳಿ, ಬಾಗಿಲಲ್ಲೇ ನಿಂತು, ಸ್ಟಿಕ್ಕರ್ ಬರೆದುಕೊಟ್ಟು ಹೋಗುತ್ತಿದ್ದರು. ಅವರ ಸ್ಟಿಕ್ಕರ್ ಅಂಚಿಗೆ ಬೆಳ್ಳಿಯ ಬಣ್ಣದ ಗೆರೆಯೂ ಇತ್ತು.

ಆ ಒಂದು ಗಂಟೆಯಲ್ಲೇ ನನಗೆ ಅವರ ಪರಿಚಯವಾದದ್ದು. ನಾನು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ, ಎರಡು ಮೂರು ಕಡೆ ನಿಲ್ಲಲಾರದೆ, ಕೊನೆಗೆ ಆ ಶೆಡ್ಡಿನಲ್ಲಿ ಗುಣಮಟ್ಟದ ಫೈಲು ಬರೆಯುವವನಾಗಿ ಸೇರಿಕೊಂಡಿದ್ದೆ. ಜನ ಕೇಳಿದ್ದನ್ನು ಯಾಕೆ ನಂಬುತ್ತಾರೆ ಎಂಬುದರ ಮೇಲೆ ಒಂದು ಪ್ರಬಂಧವನ್ನೂ ಬರೆದಿದ್ದೆ. ಅದು ನನ್ನ ತಲೆಯಲ್ಲಿತ್ತು. ಗಂಗರಂಗಯ್ಯನವರಿಗೆ ಅದು ನಾಲಿಗೆಯ ಮೇಲಿತ್ತು. ಯಾರೇ ಏನೇ ಸುದ್ದಿ ಹೇಳಲಿ, ಅವರು ತಲೆ ಎತ್ತದೆ ಕೇಳುತ್ತಿದ್ದರು, “ಯಾರ್ ಯೋಳಿದ್ದು?” ಉತ್ತರ ಬಂದರೆ, “ಅವ್ರಿಗ್ ಯಾರ್ ಯೋಳಿದ್ದು?” ಮೂರನೆಯ ಸಲ ಕೇಳುವಷ್ಟರಲ್ಲಿ ಎಲ್ಲರ ಉತ್ತರವೂ ‘ಎಲ್ಲಾರೂ ಅಂತಿದಾರೆ’ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಆಗ ಅವರು ತಲೆ ಎತ್ತಿ, ಎಲ್ಲಾರೂ ಎಂಬ ಆ ಮನುಷ್ಯ ಎಲ್ಲಿ ಕೆಲಸ ಮಾಡ್ತಾನೆ, ಸ್ವಲ್ಪ ಕರೆಸಿ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಪಕ್ಕದ ರಸ್ತೆಯ ಖಾಲಿ ಶೆಡ್ಡಿಗೆ ಚಿರತೆ ನುಗ್ಗಿದೆ ಎಂದು ಸುದ್ದಿ ಬಂತು. ಅರ್ಧ ರಸ್ತೆ ಷಟರ್ ಎಳೆದುಕೊಂಡಿತು. ನಾನೂ ಬಾಗಿಲ ಹತ್ತಿರದ ಕುರ್ಚಿಯಿಂದ ಎದ್ದು ಒಳಗಿನ ಕುರ್ಚಿಗೆ ಹೋದೆ, ಓದಿದ್ದೆಲ್ಲ ಬಾಗಿಲಲ್ಲೇ ಉಳಿಯಿತು. ಗಂಗರಂಗಯ್ಯನವರ ಡಬ್ಬಿ ಇನ್ನೂ ಸುಧಾರಿಸಿಕೊಳ್ಳುತ್ತಿತ್ತು. ಅವರು ಎದ್ದು ಚಪ್ಪಲಿ ಮೆಟ್ಟಿ ಹೊರಟರು. ನಮಗೆ ಹೇಳಿದವನು ಟೀ ತರುವವನು. ಅವನಿಗೆ ಹೇಳಿದ್ದು ಪಾಲಿಷ್ ಅಂಗಡಿಯವನು. ಅವನಿಗೆ ವಾಚ್‌ಮನ್. ವಾಚ್‌ಮನ್‌ಗೆ ಇನ್ನೊಬ್ಬ ವಾಚ್‌ಮನ್. ಹೀಗೆ ಅರ್ಧ ಪೀಣ್ಯ ಸುತ್ತಿಬಂದು ಅವರು ನಮ್ಮ ಶೆಡ್ಡಿನೊಳಗೇ ಬಂದು ಯಮನೂರಪ್ಪನ ಲೇತಿನ ಮುಂದೆ ನಿಂತರು. ಗದಗದ ಕಡೆಯಿಂದ ಬಂದು ಲಗ್ಗೆರೆಯಲ್ಲಿ ಕೋಣೆ ಮಾಡಿಕೊಂಡಿದ್ದ ಯಮನೂರಪ್ಪ ಆ ಬೆಳಿಗ್ಗೆ ವಾಚ್‌ಮನ್ ಹತ್ತಿರ ಒಂದು ಪ್ರಶ್ನೆ ಕೇಳಿದ್ದ.

“ಈ ಕಡೆ ಚಿರತಿ ಬರ್ತಾವೇನ್ರಿ ಅಂತ ಕೇಳಿದ್ನಿರಿ, ಅಷ್ಟ. ಬಂದೈತಿ ಅಂತ ನಾ ಎಲ್ಲಿ ಅಂದೆ?” ಎಂದ, ಕಣ್ಣು ಕಣ್ಣು ಬಿಡುತ್ತಾ. ತನ್ನ ಪ್ರಶ್ನೆಯೇ ಮಧ್ಯಾಹ್ನ ನಾಲ್ಕು ಕಾಲಿನ ಮೇಲೆ ವಾಪಸು ಬಂದಾಗ, ಎಲ್ಲರಿಗಿಂತ ಮೊದಲು ಷಟರ್ ಎಳೆಯಲು ಓಡಿದವನು ಅವನೇ. ಗಂಗರಂಗಯ್ಯನವರು ಅವನ ಬೆನ್ನು ತಟ್ಟಿ, ಚಿರತೆ ಸಾಕಿದ್ದೀಯ, ಇನ್ನು ಮೇಲೆ ಊಟ ಹಾಕು ಎಂದರು. ವರ್ಷಗಟ್ಟಲೆ ನಮ್ಮಲ್ಲಿ ಗಾಳಿಸುದ್ದಿಗೆಲ್ಲ ಯಮನೂರಪ್ಪನ ಚಿರತೆ ಎಂದೇ ಹೆಸರಾಯಿತು.

ಅವರನ್ನು ಸೋಲಿಸಬೇಕೆಂಬ ಆಸೆ ನನಗಿತ್ತು. ಓದಿದವನ ಚಟ ಅದು. ಒಂದು ಸಲ, ಡಬ್ಬಿ ಕಲ್ಲಿನ ಮೇಲಿದ್ದಾಗ, ಕೇಳಿದೆ: ನಮ್ಮ ಮೈಕ್ರೋಮೀಟರನ್ನು ನೀವು ಅಳೆಯುತ್ತೀರಿ, ಸರಿ, ನಿಮ್ಮ ಡಬ್ಬಿಯನ್ನು ಯಾರು ಅಳೆಯುತ್ತಾರೆ? ಅವರಿಗೆ ಸಂತೋಷವಾಯಿತು. ತುಮಕೂರು ರಸ್ತೆಯ ಒಂದು ಲ್ಯಾಬಿಗೆ ವರ್ಷಕ್ಕೊಮ್ಮೆ ಡಬ್ಬಿ ಕಳಿಸುತ್ತೇನೆ, ಅಲ್ಲಿನ ಮ್ಯಾನೇಜರು ಒಂದು ಕಾಲಕ್ಕೆ ನನ್ನ ಕೈಕೆಳಗೆ ಕಲಿತವನು, ಎಂಬತ್ತೇಳಕ್ಕೂ ಅಳತೆ ಬರೆದು ಸರ್ಟಿಫಿಕೇಟ್ ಕೊಡುತ್ತಾನೆ ಎಂದರು. ಅವನು ಅಳೆದದ್ದನ್ನು ನೀವು ನೋಡಿದ್ದೀರಾ ಎಂದೆ. ಇಲ್ಲ ಎಂದರು. ಮತ್ತೆ ಯಾರ್ ಯೋಳಿದ್ದು, ಎಂದೆ, ಅವರದೇ ಧಾಟಿಯಲ್ಲಿ.

ಶ್ರೀಧರ್ ಸಾರ್ ಕೂಡ ನಕ್ಕರು. ಗಂಗರಂಗಯ್ಯನವರು ನಗುತ್ತಲೇ ಹೇಳಿದ ಮಾತು ನನಗೆ ಸರಿಯಾಗಿ ನೆನಪಿದೆ ಎಂದುಕೊಂಡಿದ್ದೇನೆ: “ಎಲ್ಲಾನೂ ಒಬ್ಬನೇ ಅಳೆಯಾಕಾಯ್ತದಾ ತಮ್ಮ? ಒಂದ್ ಕಡೆ ನಿಂತ್ಕಬೇಕು. ಎಲ್ ನಿಂತ್ಕಂಡಿವ್ನಿ ಅನ್ನಾದ್ ನೋಡ್ಕಬೇಕು, ಅಷ್ಟೇಯಾ.”

ಆಮೇಲೆ ನಡೆದದ್ದು ನನ್ನ ಪ್ರಶ್ನೆಯಿಂದ ಆಯಿತೋ, ಅವರಿಗೇ ಏನೋ ಅನ್ನಿಸಿತ್ತೋ, ತಿಳಿಯದು. ನನ್ನಿಂದ ಆಯಿತು ಎಂದುಕೊಳ್ಳುವುದರಲ್ಲಿ ಒಂದು ಜಂಬವೂ ಇದೆ, ಅದಕ್ಕೇ ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅಂತೂ ಮುಂದಿನ ಸಲ ಡಬ್ಬಿಯನ್ನು ಲ್ಯಾಬಿಗೆ ಕಳಿಸುವ ಮೊದಲು ಅವರು ಮನೆಯ ಡಬ್ಬದಿಂದ ಮೂರು ರಾಗಿ ಕಾಳು ತೆಗೆದುಕೊಂಡರು. ತುಕ್ಕು ಹಿಡಿಯದಂತೆ ಸವರುವ ವ್ಯಾಸಲೀನಿನಲ್ಲಿ ಅದ್ದಿ, ಒಂದು, ಹತ್ತು ಮತ್ತು ಐವತ್ತು ಮಿಲಿಮೀಟರಿನ ತುಂಡುಗಳನ್ನು ಎತ್ತಿ, ಆ ಗೂಡುಗಳ ತಳದಲ್ಲಿ ಒಂದೊಂದು ಕಾಳು ಕೂರಿಸಿದರು. ಅಳೆಯಬೇಕಾದರೆ ತುಂಡನ್ನು ಹೊರಗೆ ತೆಗೆಯಬೇಕು, ಒರೆಸಬೇಕು, ಗೂಡನ್ನೂ ಒರೆಸುವುದು ಕ್ರಮ. ಕಾಳು ಉಳಿಯುವ ಮಾತೇ ಇಲ್ಲ.

ಡಬ್ಬಿ ಎರಡು ವಾರಕ್ಕೆ ವಾಪಸು ಬಂತು. ಜೊತೆಗೆ ಸರ್ಟಿಫಿಕೇಟು. ಎಂಬತ್ತೇಳು ಸಾಲು, ಪ್ರತಿ ಸಾಲಿಗೂ ಒಂದು ಅಳತೆ, ಕೆಳಗೆ ಶಿಷ್ಯನ ಸಹಿ, ಉಬ್ಬಚ್ಚು. ಮೂರು ಕಾಳುಗಳೂ ಇದ್ದಲ್ಲೇ ಇದ್ದವು. ಕಾಳಿನ ಸುತ್ತಲ ವ್ಯಾಸಲೀನಿನ ಮೇಲೆ ತಮ್ಮ ಬೆರಳಿನ ಗುರುತೇ ಅಲ್ಲಾಡದೆ ಕೂತಿತ್ತಂತೆ.

ಇಲ್ಲಿ ಬೇರೆ ಯಾರೇ ಆಗಿದ್ದರೂ ಲ್ಯಾಬು ಬದಲಿಸಿ ಸುಮ್ಮನಾಗುತ್ತಿದ್ದರು. ಗಂಗರಂಗಯ್ಯನವರು ಮೊಪೆಡ್ ಹತ್ತಿ, ಹಿಂದಿನ ಸರ್ಟಿಫಿಕೇಟನ್ನು ನಂಬಿ ತಾವು ಸ್ಟಿಕ್ಕರ್ ಅಂಟಿಸಿದ್ದ ಪ್ರತಿಯೊಂದು ಶೆಡ್ಡಿಗೂ ಹೋಗಿ ಅವನ್ನೆಲ್ಲ ಕೀಳಲು ಶುರುಮಾಡಿದರು. ನಮ್ಮಲ್ಲಿಗೆ ಬಂದಾಗ ಶ್ರೀಧರ್ ಸಾರ್ ಮುಖ ಬಿಳಿಚಿಕೊಂಡಿತು. ದೊಡ್ಡ ಕಸ್ಟಮರ್ ಕಂಪನಿಯ ಆಡಿಟ್ ಆ ವಾರದಲ್ಲೇ ಇತ್ತು. ಅದರಲ್ಲಿ ಬಿದ್ದರೆ ಅವರ ಆರ್ಡರೇ ಇಲ್ಲ.

“ಈಗ್ಲೇ ಬೇಕಿತ್ತಾ ಗಂಗಣ್ಣ ಇದು? ನೀವ್ ಬಾಯಿ ಬಿಡ್ದಿದ್ರೆ ಯಾರಿಗ್ ಗೊತ್ತಾಗುತ್ತೆ? ಲ್ಯಾಬ್ ಸರ್ಟಿಫಿಕೇಟ್ ಇದೆ ತಾನೆ, ಅದು ಅವ್ರ ತಲೆನೋವು.”

“ಈ ವರ್ಸದ್ದು ಸುಳ್ಳು ಅಂತ ನಂಗೊತ್ತಾಯ್ತು ಸಾ. ಓದ್ ವರ್ಸದ್ದು ನಿಜ ಅಂತ ನಂಗೊತ್ತಿಲ್ಲ. ಗೊತ್ತಿಲ್ದಿರೋದ್ಕೆ ನನ್ ಸೈನ್ ಯಾಕಿರ್ಬೇಕು?”

ಹೀಗೆಂದು ಕೀಳುತ್ತಾ ಹೋದರು. ಆಗಲೇ ಆ ಹಸಿರು ಕೈ.

ಮತ್ತು ಆಗಲೇ ನಾನು ಒಂದು ಮಾತು ಕೇಳಿದೆ. ಇದು ಮಾತ್ರ ನನ್ನ ನೆನಪಿನಲ್ಲಿ ಒಂದಕ್ಷರವೂ ಅಲುಗಾಡಿಲ್ಲ, ಅಲುಗಾಡಲಿ ಎಂದು ನಾನೇ ಎಷ್ಟೋ ಸಲ ಬಯಸಿದ್ದರೂ.

“ಗಂಗಣ್ಣ, ನೀವು ಕಾಳು ಇಟ್ಟಿದ್ದನ್ನ ಯಾರು ನೋಡಿದ್ರು?”

ಅವರ ಉಗುರು ನಿಂತಿತು. ಕೆಟ್ಟ ಉದ್ದೇಶದಿಂದ ಕೇಳಿದ್ದಲ್ಲ. ಅವರಿಂದಲೇ ಕಲಿತದ್ದನ್ನು ಅವರಿಗೇ ಒಪ್ಪಿಸುತ್ತಿದ್ದೇನೆ, ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ನೋಡಿದರು.

“ಯಾರೂ ನೋಡಿಲ್ಲ ತಮ್ಮ. ನಾನ್ ಯೋಳ್ತಾ ಇವ್ನಿ.”

ಉಳಿದ ಸ್ಟಿಕ್ಕರುಗಳನ್ನು ಕಿತ್ತು, ಅದೇ ಕೈಯಲ್ಲಿ ಮೊಪೆಡ್ ಹಿಡಿದು ಹೋದರು.

ಸಿಟ್ಟು ಬರುವುದು ಇದಕ್ಕೆ. ಆ ಮನುಷ್ಯ ಅಷ್ಟು ವರ್ಷ ನಮ್ಮ ಮಧ್ಯೆ ಓಡಾಡಿದ್ದರು. ಒಂದು ಗಂಟೆ ಕಾಯದೆ ಒಂದು ಸ್ಟಿಕ್ಕರ್ ಅಂಟಿಸಿದವರಲ್ಲ. ಅವರ ಮಾತನ್ನು ನಂಬಲು ನನಗೆ ಇನ್ನೇನು ಬೇಕಿತ್ತು? ಲ್ಯಾಬಿನವನ ಮುಖವನ್ನೇ ನಾನು ನೋಡಿರಲಿಲ್ಲ. ಅವನು ಅಳೆದದ್ದನ್ನು ಯಾರು ನೋಡಿದರು ಎಂದು ಪೀಣ್ಯದಲ್ಲಿ ಒಬ್ಬನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವನ ಮಾತಿಗೆ ಉಬ್ಬಚ್ಚಿತ್ತು. ಗಂಗರಂಗಯ್ಯನವರ ಮಾತಿಗೆ ಇದ್ದದ್ದು ಮೂರು ರಾಗಿ ಕಾಳು. ನಾವು ಅನುಮಾನ ಪಡಲು ಯಾವಾಗಲೂ ಹತ್ತಿರದವರನ್ನೇ ಆರಿಸಿಕೊಳ್ಳುತ್ತೇವೆ. ಕೈಗೆ ಸಿಗುವವರು ಅವರೇ, ಎದುರು ನಿಂತು ಉತ್ತರ ಕೊಡುವವರೂ ಅವರೇ. ದೂರದ ಸಹಿಯನ್ನು ಪ್ರಶ್ನಿಸಬೇಕೆಂದರೆ ಪತ್ರ ಬರೆಯಬೇಕು, ಕಾಯಬೇಕು, ಆಡಿಟ್ ಮುಂದೂಡಬೇಕು. ಆ ಕಷ್ಟ ತಪ್ಪಿಸಿಕೊಂಡು, ಎದುರಿಗಿದ್ದ ಮುದುಕನನ್ನು ಪ್ರಶ್ನೆ ಕೇಳಿ, ಅದನ್ನು ನಾನು ವಿಚಾರವಂತಿಕೆ ಎಂದು ಕರೆದುಕೊಂಡೆ.

ಅವರು ಪತ್ರ ಬರೆದರು. ಲ್ಯಾಬಿಗೆ ದೂರು ಕೊಟ್ಟರು. ಎಲ್ಲವೂ ಕ್ರಮಬದ್ಧವಾಗಿ ನಡೆದಿದೆ ಎಂದು ಉತ್ತರ ಬಂತಂತೆ. ಖುದ್ದಾಗಿ ಹೋಗಿ ಕೇಳಿದಾಗ ಶಿಷ್ಯ ಎದ್ದು ನಿಂತು ಕುರ್ಚಿ ಕೊಟ್ಟು, ಟೀ ತರಿಸಿ, ಗುರುಗಳೇ ರಾಗಿ ಕಾಳು ಒಂದು ಸಾಕ್ಷಿಯಾ, ವಯಸ್ಸಾಯ್ತು, ಯಾವಾಗ ಇಟ್ಟಿರೋ ಏನೋ ಎಂದನಂತೆ. ಇದನ್ನು ನನಗೆ ಹೇಳಿದ್ದು ಶ್ರೀಧರ್ ಸಾರ್. ಅವರಿಗೆ ಹೇಳಿದ್ದು ಯಾರೋ ಗೊತ್ತಿಲ್ಲ. ಆದರೆ ಕೆಲವೇ ದಿನಗಳಲ್ಲಿ ಟೀ ಅಂಗಡಿಗಳಲ್ಲೆಲ್ಲ ರಾಗಿ ಕಾಳಿನ ಜೋಕು ಓಡಾಡತೊಡಗಿತ್ತು. ಮುದ್ದೆ ತಿನ್ನುವಾಗ ಕೈಯಿಂದ ಉದುರಿರಬೇಕು ಬಿಡ್ರೀ ಎಂದು ಒಬ್ಬ, ಇನ್ನು ಮೇಲೆ ಸ್ಟಿಕ್ಕರ್ ಜೊತೆ ಸೊಪ್ಪಿನ ಸಾರೂ ಕೊಡ್ತಾರಾ ಎಂದು ಇನ್ನೊಬ್ಬ.

ನಮ್ಮ ಶೆಡ್ಡಿಗೆ, ಗಂಗರಂಗಯ್ಯನವರು ಸ್ಟಿಕ್ಕರ್ ಕಿತ್ತ ಮರುದಿನವೇ, ಹತ್ತು ನಿಮಿಷದವರು ಬಂದಿದ್ದರು. ನಮಗಾಗಿ ಇಪ್ಪತ್ತು ನಿಮಿಷ ತೆಗೆದುಕೊಂಡರು, ಯಾಕೆಂದರೆ ಪೆನ್ನು ಮಧ್ಯೆ ನಿಂತುಹೋಯಿತು. ಬೆಳ್ಳಿ ಗೆರೆಯ ಸ್ಟಿಕ್ಕರುಗಳು ಬಂದವು.

ಆಡಿಟರ್ ಬಂದರು. ಸಭ್ಯ ಮನುಷ್ಯ. ಮೈಕ್ರೋಮೀಟರುಗಳನ್ನು ತಿರುಗಿಸಿ ನೋಡಿ, ಎಲ್ಲದರ ಮೇಲೂ ಒಂದೇ ತಾರೀಕು ಹೇಗೆ ಬಂತು, ಹಳೆಯವು ಎಲ್ಲಿ ಎಂದು ಕೇಳಿದರು. ಒಬ್ಬರು ಉತ್ತರ ಕೊಟ್ಟರು. ಆ ಒಬ್ಬರು ಯಾರು ಎಂಬುದೇ ನನಗೆ ಈ ಹೊತ್ತಿಗೂ ತೀರ್ಮಾನವಾಗಿಲ್ಲ. ಒಂದು ನೆನಪಿನಲ್ಲಿ ಶ್ರೀಧರ್ ಸಾರ್ ಉತ್ತರಿಸುತ್ತಾರೆ, ನಾನು ಫೈಲು ಹಿಡಿದು ಸುಮ್ಮನೆ ನಿಂತಿರುತ್ತೇನೆ. ಇನ್ನೊಂದರಲ್ಲಿ ನಾನೇ ಹೇಳುತ್ತೇನೆ: ಹಿಂದೆ ಮಾಡುತ್ತಿದ್ದವರ ಸ್ಟಿಕ್ಕರುಗಳ ಬಗ್ಗೆ ಅನುಮಾನ ಬಂದಿತ್ತು ಸಾರ್. ಆ ವಾಕ್ಯದಲ್ಲಿ ಒಂದು ಪದವೂ ಸುಳ್ಳಲ್ಲ. ಅನುಮಾನ ಬಂದದ್ದು ಅವರಿಗೇ, ತಮ್ಮ ಸ್ಟಿಕ್ಕರಿನ ಮೇಲೇ, ಲ್ಯಾಬಿನ ದೆಸೆಯಿಂದ ಎಂಬುದಷ್ಟೇ ಅದರಲ್ಲಿಲ್ಲ. ಮೂರನೆಯ ನೆನಪಿನಲ್ಲಿ ಆಡಿಟರ್ “ಅವರೇ ಒಪ್ಪಿಕೊಂಡರಾ?” ಎಂದು ಕೇಳುತ್ತಾರೆ, ನಾನು ತಲೆಯಾಡಿಸುತ್ತೇನೆ. ಹೌದು ಎಂದು ಆಡಿಸಿದೆನೋ ಇಲ್ಲವೆಂದೋ, ಅದು ಮಬ್ಬು.

ಆ ವಾಕ್ಯ ಆಡಿಟರ್ ವರದಿಗೆ ಹೋಯಿತು. ವರದಿ ಅದೇ ಕಂಪನಿಗೆ ಮಾಲು ಕೊಡುವ ಉಳಿದ ಶೆಡ್ಡುಗಳಿಗೆ ಹೋಯಿತು. ಇಂಥವರಿಂದ ಪರೀಕ್ಷೆ ಮಾಡಿಸಬಾರದು ಎಂಬ ಸೂಚನೆಯಾಗಿ ವಾಪಸು ಬಂದಾಗ ಅದರಲ್ಲಿ ಗಂಗರಂಗಯ್ಯನವರ ಹೆಸರಿತ್ತು. ಲ್ಯಾಬಿನ ಹೆಸರಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಪೀಣ್ಯದಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಗಂಗಣ್ಣ ಅಳೆಯದೆ ಸ್ಟಿಕ್ಕರ್ ಅಂಟಿಸ್ತಿದ್ದರಂತೆ, ಸಿಕ್ಕಿಹಾಕಿಕೊಳ್ತೀನಿ ಅಂತ ಹೆದರಿ ತಾವೇ ಕಿತ್ತುಹಾಕಿದರಂತೆ. ಇದನ್ನು ನನಗೆ ಹೇಳಿದವರಲ್ಲಿ ಹತ್ತು ನಿಮಿಷದವರೂ ಒಬ್ಬರು. ಛೇ, ವಯಸ್ಸಾದೋರು, ಹಿಂಗ್ ಮಾಡ್ಬಾರ್ದಾಗಿತ್ತು ಎಂದು ತಲೆಯಾಡಿಸುತ್ತಾ, ಬಾಗಿಲಲ್ಲೇ ನಿಂತು, ಯಾವುದನ್ನೂ ಮುಟ್ಟದೆ ನಮ್ಮ ಹೊಸ ಹೈಟ್ ಗೇಜಿಗೆ ಸ್ಟಿಕ್ಕರ್ ಬರೆದುಕೊಟ್ಟರು. ನಾನು ಅದನ್ನು ಇಸಿದುಕೊಂಡು ಅಂಟಿಸಿದೆ.

ಅಳೆಯದವರು ಅಳೆದಿದ್ದೇವೆ ಎಂದು ಬರೆದರು, ಎಲ್ಲರೂ ನಂಬಿದರು. ಅಳೆದವರು ತಮ್ಮ ಅಳತೆಯ ಬಗ್ಗೆ ಒಂದು ಪ್ರಾಮಾಣಿಕ ಸಂದೇಹ ಹೇಳಿದರು, ಅದನ್ನೂ ಎಲ್ಲರೂ ನಂಬಿದರು, ಅವರು ಹೇಳಿದ್ದಕ್ಕಿಂತ ಹತ್ತು ಪಟ್ಟು ಹೆಚ್ಚಾಗಿ ನಂಬಿದರು. ಯಮನೂರಪ್ಪನ ಚಿರತೆಯಲ್ಲಿ ಪ್ರಶ್ನೆಯೊಂದು ಸುದ್ದಿಯಾಗಿತ್ತು, ನಕ್ಕಿದ್ದೆವು. ಇಲ್ಲಿ ಒಬ್ಬ ಮನುಷ್ಯನ ಎಚ್ಚರಿಕೆ ಅವನ ಅಪರಾಧವಾಯಿತು. ಈ ಸಲ ರಸ್ತೆ ಸುತ್ತಿ ಕೊನೆಯವನನ್ನು ಹುಡುಕಲು ಯಾರೂ ಚಪ್ಪಲಿ ಮೆಟ್ಟಲಿಲ್ಲ. ಹುಡುಕುತ್ತಿದ್ದವರು ಅವರೊಬ್ಬರೇ. ಹುಡುಕಿದ್ದರೆ ದಾರಿ ಎಲ್ಲಿಗೆ ಬಂದು ನಿಲ್ಲುತ್ತಿತ್ತು ಎಂದು ನನಗೆ ಗೊತ್ತು.

ಹಲವು ತಿಂಗಳ ಮೇಲೆ, ಮಾದನಾಯಕನಹಳ್ಳಿಯಲ್ಲಿದ್ದ ಅವರ ಮನೆಗೆ ಹೋದೆ. ಅವರ ತಾತನ ಕಾಲದ ಮನೆ; ಮುಂದಿನ ಹೊಲವಿದ್ದಲ್ಲಿ ಈಗ ಗೋದಾಮಿನ ಉದ್ದನೆಯ ತಗಡಿನ ಗೋಡೆ. ಜಗಲಿಯ ಮೇಲೆ ಕೂತು ಡಬ್ಬಿ ತೆರೆದು, ತುಂಡುಗಳನ್ನು ಒಂದೊಂದಾಗಿ ಒರೆಸಿ ವ್ಯಾಸಲೀನ್ ಸವರುತ್ತಿದ್ದರು. ಯಾರೂ ಕರೆಯದಿದ್ದರೂ ತಿಂಗಳಿಗೊಮ್ಮೆ ಇದು ಆಗಲೇಬೇಕು ಎಂದು ಅವರ ಹೆಂಡತಿ ಜಯಮ್ಮ ಹೇಳಿದರು, ಅರ್ಧ ದೂರಿನ ಹಾಗೆ. ಇನ್ನೊಂದು ಲ್ಯಾಬಿಗೆ ಕಳಿಸಿ ನೋಡಬಹುದಿತ್ತಲ್ಲ ಎಂದೆ. ಇನ್ನೊಂದು ಲ್ಯಾಬು ಎಂದರೆ ಇನ್ನೊಂದು ಮಾತು, ನಿಂತು ನೋಡಲು ಅವರು ಬಿಡುವುದಿಲ್ಲ ಎಂದರು. ಆಮೇಲೆ, ಸುಮ್ಮನೆ ಏನೋ ಹೇಳುವವರಂತೆ, ಉಕ್ಕಿನ ಗುಣ ಹೇಳಿದರು. ಉಜ್ಜಿ ಉಜ್ಜಿ ಸವೆಯುತ್ತದೆ, ಆದರೆ “ಸವೆದ್ ಉಕ್ಕು ತಿರ್ಗಾ ಬೆಳೆಯಾಕಿಲ್ಲ.” ಆ ಮಾತು ನನಗೆ ಆಗ ಅರ್ಥವಾಗಲಿಲ್ಲ.

ಕ್ಷಮೆ ಕೇಳಲು ಹೋಗಿದ್ದೆ. ಯಾವ ನೆನಪಿಗೆ ಕ್ಷಮೆ ಕೇಳುವುದೆಂದು ತಿಳಿಯದೆ ಕಾಫಿ ಕುಡಿದೆ. ಯಮನೂರಪ್ಪನ ಚಿರತೆ ಹೇಗಿದೆ ಎಂದು ವಿಚಾರಿಸಿದರು. ಹೊರಡುವಾಗ, ಆಡಿಟ್ ಚೆನ್ನಾಗಾಯಿತೇ ಎಂದರು. ಚೆನ್ನಾಗಾಯಿತು ಗಂಗಣ್ಣ ಎಂದೆ.

“ಯಾರ್ ಯೋಳಿದ್ದು?”

ಅಭ್ಯಾಸಬಲದ ಮಾತೋ, ನನಗೇ ಇಟ್ಟದ್ದೋ. ಮುಖ ನೋಡಿದೆ. ಅವರು ತಲೆ ಎತ್ತಿರಲಿಲ್ಲ, ಕೈಯಲ್ಲಿದ್ದ ತುಂಡನ್ನು ಒರೆಸುತ್ತಿದ್ದರು. ಅದೇ ಕೊನೆ. ಆ ವರ್ಷದ ಚಳಿಗಾಲದಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ನನಗೆ ಗೊತ್ತಾದದ್ದು ಹನ್ನೊಂದು ದಿನ ಕಳೆದ ಮೇಲೆ.

ಜಯಮ್ಮ ಫೋನ್ ಮಾಡಿ ಡಬ್ಬಿ ತೆಗೆದುಕೊಂಡು ಹೋಗಲು ಹೇಳಿದರು. ಹೋದಾಗ, ಪ್ರಶ್ನೆ ಕೇಳುತ್ತಾನಲ್ಲ, ಆ ಓದಿದ ತಮ್ಮನಿಗೆ ಕೊಡು ಅಂತ ಅವರು ಹೇಳಿದ್ದರು ಎಂದರು. ಅವರು ನಿಜವಾಗಿ ಹಾಗೆ ಹೇಳಿದ್ದರೋ, ಒಳ್ಳೆಯ ಹೆಂಗಸು ನನ್ನ ಮುಖ ನೋಡಿ ಕಟ್ಟಿ ಹೇಳಿದರೋ, ವಿಚಾರಿಸಲಿಲ್ಲ. ಒಂದು ಮಾತನ್ನಾದರೂ ಹೇಳಿದ ಹಾಗೇ ತೆಗೆದುಕೊಳ್ಳೋಣ ಎನ್ನಿಸಿತು.

ಈ ನಡುವೆ ನಾನು ಪೀಣ್ಯ ಬಿಟ್ಟಿದ್ದೆ. ಆ ಶೆಡ್ಡು ಬೇರೆ ಕಡೆಗೆ ಹೋಗುವಾಗ ಹಳೆಯ ಆಡಿಟ್ ಫೈಲುಗಳನ್ನೆಲ್ಲ ರದ್ದಿಗೆ ಹಾಕಿದರು, ಹಾಗಾಗಿ ಆ ದಿನ ಉತ್ತರ ಕೊಟ್ಟವರು ಯಾರೆಂದು ಇನ್ನು ತಿಳಿಯುವುದಿಲ್ಲ. ಶ್ರೀಧರ್ ಸಾರ್‌ಗೆ ಕೇಳಿದರೆ, ನೀನೇ ಹೇಳಿದ್ದು ಎನ್ನುತ್ತಾರೆ. ಹಾಗೆ ಹೇಳುವುದರಲ್ಲಿ ಅವರಿಗೂ ಅನುಕೂಲವಿದೆ.

ಈಗ ನಾನಿರುವ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗೆ ಸ್ವಂತದ್ದೊಂದು ಅಳತೆ ಕೋಣೆ ಇದೆ. ಅದನ್ನು ನೋಡಿಕೊಳ್ಳುವವರು ಶೋಭಾ ಎಂಬ ತಂತ್ರಜ್ಞೆ. ಅವರ ಕೈಕಾಲು ಹಿಡಿದು ಒಂದು ಶನಿವಾರ ಡಬ್ಬಿ ತೆಗೆದುಕೊಂಡು ಹೋದೆ. ತಕ್ಷಣ ತೆರೆಯಲು ಹೊರಟರು. ಒಂದು ಗಂಟೆ ಸುಧಾರಿಸಿಕೊಳ್ಳಲಿ ಮೇಡಂ ಎಂದೆ. ಹೋಲಿಸಿ ನೋಡುವ ಅವರ ಮೂಲ ತುಂಡುಗಳನ್ನು ಯಾರು ಅಳೆದದ್ದು ಎಂದು ಕೇಳಿದೆ. ಅವರು ಒಂದು ಸರ್ಟಿಫಿಕೇಟ್ ತೋರಿಸಿದರು. ಅಳೆಯುವಾಗ ನೀವು ಅಲ್ಲಿದ್ದಿರಾ ಎಂದೆ. ಎರಡು ದಿನ ಅಲ್ಲೇ ಕೂತಿದ್ದೆ ಸಾರ್, ಚಳಿ ಕೋಣೆ, ಜ್ವರ ಬಂತು ಎಂದರು. ನಾನು ಅಲ್ಲಿ ನಿಂತುಕೊಂಡೆ. ಒಂದು ಕಡೆ ನಿಲ್ಲಲೇಬೇಕು.

ಒಂದು, ಹತ್ತು, ಐವತ್ತು ಮಿಲಿಮೀಟರಿನ ಗೂಡುಗಳಲ್ಲಿ ಕಾಳುಗಳು ಹಾಗೇ ಇದ್ದವು, ಹಳದಿಗಟ್ಟಿದ ವ್ಯಾಸಲೀನಿನಲ್ಲಿ. ಅದರಿಂದ ಏನೂ ರುಜುವಾತಾಗುವುದಿಲ್ಲ, ತಿಂಗಳಿಗೊಮ್ಮೆ ಒರೆಸುವಾಗ ಅವರೇ ಮತ್ತೆ ಇಟ್ಟ ಕಾಳುಗಳಿರಬೇಕು ಅವು. ಆದರೆ ಉಕ್ಕಿನ ವಿಷಯ ಬೇರೆ. ಸವೆದ ಉಕ್ಕು ತಿರುಗಿ ಬೆಳೆಯುವುದಿಲ್ಲ. ತುಂಡುಗಳು ಇವತ್ತು ಸರಿಯಿದ್ದರೆ ಅವತ್ತೂ ಸರಿಯಿದ್ದವು ಎಂದೇ ಅರ್ಥ, ಲ್ಯಾಬಿನವನು ಅಳೆದಿರಲಿ, ಬಿಟ್ಟಿರಲಿ. ಜಗಲಿಯ ಮೇಲೆ ಅವರು ಹೇಳಿದ್ದು ಇದು.

ಸಂಜೆಯ ಹೊತ್ತಿಗೆ ಶೋಭಾ ಕೊನೆಯ ತುಂಡನ್ನು ಇಳಿಸಿ, ಎಲ್ಲಾ ಕರೆಕ್ಟಾಗಿದೆ ಸಾರ್ ಎಂದರು. ನಾನು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ. ಎಂಬತ್ತೇಳೂ ಮಿತಿಯ ಒಳಗಿವೆ. ಆ ದಿನ, ಸೋಮವಾರವೋ ಮಂಗಳವಾರವೋ, ಅವರ ಮುಂಗೈ ಮೇಲಿದ್ದ ಸ್ಟಿಕ್ಕರುಗಳಲ್ಲಿ ಸುಳ್ಳು ಒಂದೂ ಇರಲಿಲ್ಲ.